ಬಚ್ಚಲಿನ ನೆಲ ಬೆಚ್ಚಗಿರಬೇಕೆಂದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತುಮಕೂರಿನಲ್ಲಿರುವ ನಮ್ಮ ಮನೆ ಕಟ್ಟಿ ಇಪ್ಪತ್ತೈದು ವರ್ಷವಾಗಿದೆ. ನೆಲಮಹಡಿಯ ಸ್ನಾನದ ಮನೆಯ ಟೈಲ್ಸ್ ಅಲ್ಲಲ್ಲಿ ಟೊಳ್ಳಾಗಿದ್ದು, ಗೋಡೆಗೂ ತೇವ ಏರುತ್ತಿರುವುದರಿಂದ ಎಲ್ಲವನ್ನೂ ಒಡೆಸಿ ಹೊಸದಾಗಿ ಮಾಡಿಸಲು ನಿಶ್ಚಯಿಸಿದ್ದೇವೆ. ನಮ್ಮ ಅತ್ತೆಯವರಿಗೆ ವಯಸ್ಸಾಗಿದೆ. ಮಂಡಿನೋವಿನ ಜೊತೆಗೆ ಸಕ್ಕರೆ ಕಾಯಿಲೆಯೂ ಇದೆ. ಧನುರ್ಮಾಸದಲ್ಲಿ ನಸುಕಿಗೇ ಎದ್ದು ಸ್ನಾನ ಮಾಡುವ ರೂಢಿ ಅವರದು, ಆದರೆ ಈಚೆಗೆ ತಣ್ಣನೆಯ ನೆಲಕ್ಕೆ ಕಾಲಿಡಲು ಹಿಂಜರಿಯುತ್ತಾರೆ. ಟೈಲ್ಸ್ ಕೆಳಗೆ ವಿದ್ಯುತ್ ಕೇಬಲ್ಲಿನ ಜಾಲ ಹಾಕಿಸಿ ನೆಲವನ್ನೇ ಬಿಸಿ ಮಾಡಬಹುದೆಂದು ಬೆಂಗಳೂರಿನಲ್ಲಿರುವ ನನ್ನ ಮೈದುನ ಹೇಳುತ್ತಾರೆ. ನಮ್ಮ ಟೈಲ್ಸ್ ಮೇಸ್ತ್ರಿ ಮಾತ್ರ ‘ನೀರು ಸುರಿಯೋ ಜಾಗದಲ್ಲಿ ಕರೆಂಟ್ ಬೇಡಮ್ಮ’ ಎನ್ನುತ್ತಾರೆ. ಸ್ನಾನದ ಮನೆ 8 ಅಡಿ ಉದ್ದ, 5 ಅಡಿ ಅಗಲ ಇದೆ. ನಮ್ಮದು ಬಕೆಟ್ ಸ್ನಾನ. ಯಾರ ಮಾತನ್ನು ಕೇಳಬೇಕು?
– ಓದುಗರೊಬ್ಬರು, ತುಮಕೂರು

ಉತ್ತರ: ಮೇಸ್ತ್ರಿಯವರ ಅಂಜಿಕೆಯನ್ನು ತಳ್ಳಿಹಾಕಬೇಡಿ. ಅರ್ಥಿಂಗ್ ಸರಿಯಿಲ್ಲದ, ಆರ್‌ಸಿಸಿಬಿ (ವಿದ್ಯುತ್ತು ಸೋರಿದ ಕೂಡಲೇ ಲೈನನ್ನು ಕಡಿಯುವ ಸ್ವಿಚ್ಚು) ಇಲ್ಲದ ಮನೆಯಲ್ಲಿ ಈ ಕೆಲಸವನ್ನು ಮಾಡಿಸಲೇಬಾರದು. ಅವೆರಡೂ ಸರಿಯಿದ್ದು, ಕೇಬಲ್ ಹಾಸುವಾಗ ಮಾಡಬೇಕಾದ ಪರೀಕ್ಷೆಗಳನ್ನು ಬಿಡದೆ ಮಾಡಿದರೆ ನಿಮ್ಮ ಮೈದುನ ಹೇಳುವುದೂ ಆಗುವ ಕೆಲಸವೇ. ಆದರೆ ಇಡೀ ಸ್ನಾನದ ಮನೆಗೆ ಜಾಲ ಹಾಸುವ ಯೋಚನೆಯನ್ನು ಕೈಬಿಟ್ಟು, ನೀರು ಬೀಳದ ಅರ್ಧಕ್ಕೆ ಮಾತ್ರ ಹಾಕಿಸಿ ಎಂಬುದು ನನ್ನ ಸಲಹೆ. ಬಕೆಟ್ ಸ್ನಾನದ ಮನೆಗೆ ಅದೇ ಸರಿಯಾದ ಕ್ರಮವೆಂದು ನಾನು ಏಕೆ ಒತ್ತಿ ಹೇಳುತ್ತೇನೆಂದು ಮುಂದೆ ವಿವರಿಸುತ್ತೇನೆ.

ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ತುಮಕೂರಿನಲ್ಲಿ ಡಿಸೆಂಬರ್, ಜನವರಿಯ ನಸುಕಿನ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಗಾಳಿಯ ಚಳಿ ಹೊದಿಕೆಗೆ ಬಗ್ಗುತ್ತದೆ, ಆದರೆ ಬರಿಗಾಲಿಗೆ ತಾಗುವ ಟೈಲ್ಸ್ ಅಂಗಾಲಿನ ಶಾಖವನ್ನು ಬೇಗ ಬೇಗ ಎಳೆದುಕೊಳ್ಳುತ್ತದೆ. ಪಕ್ಕದಲ್ಲೇ ಇರುವ ಮರದ ಮಣೆಯ ಉಷ್ಣಾಂಶ ಟೈಲ್ಸಿನಷ್ಟೇ ಇದ್ದರೂ ಅದು ಅಷ್ಟು ತಣ್ಣಗೆನಿಸುವುದಿಲ್ಲ. ಹೀಗಾಗಿ ನಮ್ಮ ಊರುಗಳಲ್ಲಿ ನೆಲ ಬಿಸಿ ಮಾಡುವ ಉದ್ದೇಶ ಕೋಣೆಯ ಗಾಳಿಯನ್ನು ಕಾಯಿಸುವುದಲ್ಲ, ಕಾಲಿಡುವ ಜಾಗವನ್ನು 26ರಿಂದ 28 ಡಿಗ್ರಿಗೆ ತರುವುದು. ಅಷ್ಟಕ್ಕೆ ಬೇಕಾಗುವ ವಿದ್ಯುತ್ತು ಜನ ಅಂದುಕೊಂಡದ್ದಕ್ಕಿಂತ ಕಡಿಮೆ.

ಈಗ ನೀರಿನ ವಿಚಾರಕ್ಕೆ ಬರೋಣ. ಈ ವ್ಯವಸ್ಥೆ ಬೆಳೆದು ಬಂದ ಚಳಿದೇಶಗಳಲ್ಲಿ ಸ್ನಾನ ತೊಟ್ಟಿಯಲ್ಲೋ ಗಾಜಿನ ಗೂಡಿನಲ್ಲೋ ನಡೆಯುತ್ತದೆ. ಉಳಿದ ನೆಲ ದಿನವಿಡೀ ಒಣಗಿರುತ್ತದೆ. ನಮ್ಮಲ್ಲಿ ಚೊಂಬಿನಿಂದ ಸುರಿದುಕೊಂಡ ನೀರು ಗೋಡೆಯಿಂದ ಗೋಡೆಗೆ ಹರಿಯುತ್ತದೆ. ಒಂದು ಲೀಟರ್ ನೀರು ಆವಿಯಾಗಿ ಹೋಗಲು ಸುಮಾರು ಮೂರನೇ ಎರಡು ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಮೊದಲು ಸ್ನಾನ ಮಾಡಿದವರು ನೆಲದ ಮೇಲೆ ಬಿಟ್ಟುಹೋದ ನೀರು ಬರೀ ಅರ್ಧ ಲೀಟರ್ ಇದ್ದರೂ, 150 ವ್ಯಾಟಿನ ಜಾಲ ಎರಡು ಗಂಟೆಗೂ ಹೆಚ್ಚು ಹೊತ್ತು ಆ ನೀರನ್ನು ಒಣಗಿಸುವುದರಲ್ಲೇ ಕಳೆಯುತ್ತದೆ, ನಿಮ್ಮ ಅತ್ತೆಯವರ ಕಾಲಿಗೆ ಬಿಸಿ ತಾಗುವುದೇ ಇಲ್ಲ. ರಬ್ಬರ್ ವೈಪರಿನಿಂದ ಒಮ್ಮೆ ಎಳೆದರೆ ಅದೇ ನೀರು ಅರ್ಧ ನಿಮಿಷದಲ್ಲಿ ಹೋಗುತ್ತದೆ. ಆದ್ದರಿಂದ ನವೀಕರಣದಲ್ಲಿ ಮೊದಲು ಆಗಬೇಕಾದದ್ದು ಒದ್ದೆ ಭಾಗ ಮತ್ತು ಒಣ ಭಾಗಗಳ ವಿಂಗಡಣೆ.

ನಿಮ್ಮ 8 ಅಡಿ ಉದ್ದದಲ್ಲಿ ಬಾಗಿಲಿಗೆ ದೂರವಾದ ಮೂರೂವರೆ ಅಡಿಯನ್ನು ಸ್ನಾನಕ್ಕೆ ಬಿಡಿ. ಆ ಭಾಗ ಒಂದರ್ಧ ಅಂಗುಲ ತಗ್ಗಿರಲಿ, ಅದರ ವಾಟ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಕಡೆಗಿರಲಿ, ನಡುವೆ ಗಾಜಿನ ತಡೆಯೋ ಕನಿಷ್ಠ ಒಂದು ಪರದೆಯೋ ಇರಲಿ. ವಯಸ್ಸಾದವರು ಎಡವುವಂಥ ಎತ್ತರದ ಕಟ್ಟೆ ಕಟ್ಟಿಸಬೇಡಿ. ಉಳಿದ ನಾಲ್ಕೂವರೆ ಅಡಿಯಲ್ಲಿ ಕಮೋಡ್ ಮತ್ತು ವಾಷ್ ಬೇಸಿನ್ನಿನ ಜಾಗ ಕಳೆದರೆ, ನಿಂತು ಓಡಾಡಲು ಸುಮಾರು 12 ಚದರ ಅಡಿ, ಅಂದರೆ ಒಂದು ಚದರ ಮೀಟರಿಗಿಂತ ತುಸು ಹೆಚ್ಚು ಸಿಗುತ್ತದೆ. ಅರ್ಧ ಮೀಟರ್ ಅಗಲ, ಎರಡು ಮೀಟರ್ ಉದ್ದದ, 150 ವ್ಯಾಟಿನ ಒಂದು ಜಾಲ ಅಲ್ಲಿಗೆ ಧಾರಾಳವಾಗಿ ಸಾಕು. ಇಸ್ತ್ರಿಪೆಟ್ಟಿಗೆ ಎಳೆಯುವ ವಿದ್ಯುತ್ತಿನ ಐದನೇ ಒಂದು ಪಾಲೂ ಅದಕ್ಕೆ ಬೇಡ. ಕಮೋಡಿನ ಕೆಳಗೆ, ನೆಲಕ್ಕೆ ಕೂತ ಕಪಾಟಿನ ಕೆಳಗೆ ಕೇಬಲ್ ಹೋಗಕೂಡದು, ಏಕೆಂದರೆ ಅಲ್ಲಿ ಶಾಖ ಹೊರಬರಲು ದಾರಿಯಿಲ್ಲದೆ ಕೇಬಲ್ ಅತಿಯಾಗಿ ಕಾಯುತ್ತದೆ. ಅಲ್ಲದೆ ಕಮೋಡ್ ಕೂರಿಸುವವರು ನೆಲಕ್ಕೆ ತೂತು ಕೊರೆಯುತ್ತಾರೆ. ಗೋಡೆಯಿಂದಲೂ ಎರಡು ಮೂರು ಅಂಗುಲ ದೂರವಿರಲಿ.

ಜಾಲವೆಂದರೆ ನೂಲಿನ ಬಲೆಗೆ ಹಾವಿನಂತೆ ಅಂಕುಡೊಂಕಾಗಿ ಅಂಟಿಸಿದ, ಮೂರು ನಾಲ್ಕು ಮಿಲಿಮೀಟರ್ ದಪ್ಪದ ಕೇಬಲ್. ಮೂಲೆಯಲ್ಲಿ ತಿರುಗಿಸಬೇಕಾದಾಗ ಬಲೆಯನ್ನು ಮಾತ್ರ ಕತ್ತರಿಸಿ ಮಡಚಬಹುದು, ಕೇಬಲ್ಲನ್ನು ಎಂದೂ ಕತ್ತರಿಸಬಾರದು. ಉದ್ದ ಕಡಿಮೆಯಾದರೆ ಅದರ ರೋಧವೂ (ವಿದ್ಯುತ್ ಹರಿವನ್ನು ತಡೆಯುವ ಗುಣ) ಕಡಿಮೆಯಾಗಿ, ಹೆಚ್ಚು ವಿದ್ಯುತ್ ಹರಿದು ಸುಟ್ಟುಹೋಗುತ್ತದೆ. ಒಂದು ಸುತ್ತು ಇನ್ನೊಂದರ ಮೇಲೆ ಹಾಯುವಂತೆಯೂ ಇಲ್ಲ. ಆದ್ದರಿಂದ ಜಾಗವನ್ನು ಅಳೆದು, ಅದಕ್ಕಿಂತ ತುಸು ಚಿಕ್ಕದಾದ ಜಾಲವನ್ನೇ ಕೊಳ್ಳಿ.

ಪದರಗಳ ವಿಷಯದಲ್ಲಿ ನಮ್ಮ ಗಾರೆ ಕೆಲಸದ ರೂಢಿಯನ್ನು ಸ್ವಲ್ಪ ಬದಲಿಸಬೇಕಾಗುತ್ತದೆ. ಸಾಮಾನ್ಯವಾಗಿ ಮೇಸ್ತ್ರಿಗಳು ಎರಡು ಅಂಗುಲ ಸಿಮೆಂಟ್ ಗಾರೆ ಹರಡಿ, ಮೇಲೆ ಸಿಮೆಂಟ್ ಹಾಲು ಸುರಿದು ಟೈಲ್ಸ್ ಕೂರಿಸುತ್ತಾರೆ. ಕೇಬಲ್ ಆ ಗಾರೆಯ ಅಡಿಯಲ್ಲಿ ಸಿಕ್ಕಿಕೊಂಡರೆ ಮೊದಲು ಅಷ್ಟೂ ಗಾರೆ ಕಾಯಬೇಕು, ಅದಕ್ಕೆ ಎರಡು ಮೂರು ಗಂಟೆ ಹಿಡಿಯುತ್ತದೆ. ನಿಮ್ಮದು ನೆಲಮಹಡಿಯಾದ್ದರಿಂದ ಕೆಳಗಿನ ಮಣ್ಣು ಕೂಡ ಶಾಖವನ್ನು ಕುಡಿಯುತ್ತಲೇ ಇರುತ್ತದೆ. ಹೀಗಾಗದಿರಲು ಕಾಂಕ್ರೀಟಿಗೆ ಮೊದಲೇ ವಾಟ ಕೊಟ್ಟು, ವಾಟರ್‌ಪ್ರೂಫಿಂಗ್ ಬಳಿದು, ಎರಡು ದಿನ ನೀರು ನಿಲ್ಲಿಸಿ ಸೋರಿಕೆಯಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, 6ರಿಂದ 10 ಮಿಲಿಮೀಟರ್ ದಪ್ಪದ, ಟೈಲ್ಸ್ ಕೆಳಗೆ ಹಾಸಲೆಂದೇ ಬರುವ, ಶಾಖ ಕೆಳಗಿಳಿಯದಂತೆ ತಡೆಯುವ ಎಕ್ಸ್‌ಪಿಎಸ್ ಎಂಬ ಗಟ್ಟಿ ಫೋಮಿನ ಬೋರ್ಡನ್ನು ಅಂಟಿಸಬೇಕು. ಪೆಟ್ಟಿಗೆಗಳಲ್ಲಿ ಪ್ಯಾಕಿಂಗಿಗೆ ಬರುವ ಬಿಳಿ ಥರ್ಮಾಕೋಲ್ ಭಾರಕ್ಕೆ ಕುಸಿಯುತ್ತದೆ, ಅದು ಬೇಡ. ಬೋರ್ಡಿನ ಮೇಲೆ ಜಾಲ, ಜಾಲ ಮುಚ್ಚುವಷ್ಟು ತೆಳುವಾಗಿ ಟೈಲ್ಸ್ ಅಂಟು, ಅದು ಒಣಗಿದ ಮೇಲೆ ಇನ್ನೊಂದು ವಾಟರ್‌ಪ್ರೂಫಿಂಗ್ ಪದರ, ಕೊನೆಗೆ ಟೈಲ್ಸ್. ಕೇಬಲ್ ಮುಚ್ಚಲು ತಾನೇ ಸಮತಟ್ಟಾಗುವ ಮಿಶ್ರಣವನ್ನು ಸುರಿಯಿರಿ ಎಂದು ಹಲವು ಕೈಪಿಡಿಗಳಲ್ಲಿ ಇರುತ್ತದೆ. ಹಾಗೆ ಸುರಿದರೆ ನೀವು ಕಷ್ಟಪಟ್ಟು ಕೊಟ್ಟ ವಾಟವೇ ಹೋಗುತ್ತದೆ, ಆದ್ದರಿಂದ ನಮ್ಮ ಬಚ್ಚಲಿಗೆ ಕರಣೆಯಲ್ಲಿ ಬಳಿಯುವ ಅಂಟೇ ಮೇಲು. ಭಾರತೀಯ ಮಾನಕ ಐಎಸ್ 15477ಕ್ಕೆ ಒಪ್ಪುವ, ಬಿಸಿಗೆ ಹಿಗ್ಗಿ ಕುಗ್ಗಿದರೂ ಬಿರುಕು ಬಿಡದ ಬಾಗುವ ಜಾತಿಯ ಅಂಟನ್ನೇ ಕೇಳಿ ತನ್ನಿ. ಟೈಲ್ಸಿನ ನಾಲ್ಕು ಮೂಲೆ ಮತ್ತು ನಡುವೆ ಗುಡ್ಡೆ ಗುಡ್ಡೆಯಾಗಿ ಅಂಟು ಇಟ್ಟು ಒತ್ತುವ ಅಭ್ಯಾಸ ಇಲ್ಲಿ ಅಪಾಯಕಾರಿ. ಅಂಟಿಲ್ಲದ ಟೊಳ್ಳಿನಲ್ಲಿ ಕೇಬಲ್ಲಿನ ಶಾಖ ಅಲ್ಲೇ ನಿಂತು ಅದು ಕೆಡುತ್ತದೆ, ಆದ್ದರಿಂದ ಹಲ್ಲಿನ ಕರಣೆಯಿಂದ ಪೂರ್ತಿ ಹರಡಿಯೇ ಟೈಲ್ಸ್ ಕೂರಿಸಬೇಕು. ಹೀಗೆ ಮಾಡಿದ ನೆಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಬೆಚ್ಚಗಾಗುತ್ತದೆ.

ಈ ಇಡೀ ಕೆಲಸದಲ್ಲಿ ನಾನು ಅತ್ಯಂತ ಮುಖ್ಯವೆಂದು ಭಾವಿಸುವುದು ರೋಧ ಅಳೆಯುವ ಒಂದು ಮಲ್ಟಿಮೀಟರ್ ಮತ್ತು ತಂತಿಯ ನಿರೋಧನ (ಇನ್ಸುಲೇಷನ್) ಪರೀಕ್ಷಿಸುವ ಒಂದು ಮೆಗ್ಗರ್. 230 ವೋಲ್ಟಿನಲ್ಲಿ 150 ವ್ಯಾಟ್ ಕೊಡುವ ಜಾಲದ ರೋಧ ಸುಮಾರು 353 ಓಮ್ ಇರಬೇಕು. ಪೆಟ್ಟಿಗೆಯಿಂದ ತೆಗೆದ ಕೂಡಲೇ ಎಲೆಕ್ಟ್ರಿಷಿಯನ್ ಅಳೆಯಲಿ; ಲೇಬಲ್ಲಿನಲ್ಲಿ ಬರೆದ ಅಂಕಿಗಿಂತ ಶೇಕಡ 5ರಷ್ಟು ಕಡಿಮೆ ಅಥವಾ ಶೇಕಡ 10ರಷ್ಟು ಹೆಚ್ಚು, ಅಷ್ಟರೊಳಗೆ ಬಂದರೆ ಸರಿ. ಜಾಲ ಹಾಸಿದ ಮೇಲೆ ಮತ್ತೊಮ್ಮೆ, ಟೈಲ್ಸ್ ಕೂರಿಸಿದ ಮೇಲೆ ಮಗದೊಮ್ಮೆ ಅಳೆದು, ಮೂರೂ ಅಂಕಿಗಳನ್ನು ದಿನಾಂಕದೊಂದಿಗೆ ಬರೆದಿಡಿ. ಕೇಬಲ್ಲಿನ ಒಳತಂತಿಗೂ ಅದರ ಅರ್ಥ್ ಹೊದಿಕೆಗೂ ನಡುವಿನ ನಿರೋಧನವನ್ನು ಪ್ರತಿ ಸಲವೂ ಮೆಗ್ಗರಿನಿಂದ ನೋಡಬೇಕು, ಏಕೆಂದರೆ ಹೊದಿಕೆ ಗೀರಿಹೋಗಿದ್ದರೂ ಓಮಿನ ಲೆಕ್ಕ ಸರಿಯಾಗಿಯೇ ಬರಬಹುದು. ಅಂಟು ಹರಡುವಾಗ ಲೋಹದ ಕರಣೆಯ ಅಂಚು ಒಮ್ಮೆ ಜೋರಾಗಿ ಉಜ್ಜಿದರೆ ಸಾಕು, ಹೊದಿಕೆ ಸೀಳುತ್ತದೆ. ಮೇಲೆ ಟೈಲ್ಸ್ ಬಂದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಜಾಲದ ಮೇಲೆ ಬಾಂಡಲಿ ಇಡುವುದು, ಬೂಟುಗಾಲಲ್ಲಿ ನಡೆಯುವುದು ಬೇಡವೆಂದು ಮೊದಲೇ ಹೇಳಿ, ಓಡಾಡಲು ಒಂದು ಹಲಗೆ ಹಾಕಿಸಿ. ಟೈಲ್ಸ್ ಮುಚ್ಚುವ ಮುಂಚೆ ಅಳತೆಯ ಟೇಪನ್ನು ಗೋಡೆಯಿಂದ ಹಿಡಿದು ಫೋಟೋ ತೆಗೆದಿಡಿ. ಹತ್ತು ವರ್ಷದ ನಂತರ ಬರುವ ಪ್ಲಂಬರಿಗೆ ಕೇಬಲ್ ಎಲ್ಲಿದೆ ಎಂದು ತಿಳಿಯುವುದು ಅದರಿಂದಲೇ.

ವಿದ್ಯುತ್ ಸಂಪರ್ಕ ಪ್ರತ್ಯೇಕವಾಗಿರಬೇಕು. ಬೋರ್ಡಿನಿಂದ ನೇರವಾಗಿ ಬಂದ ಲೈನು, ಅದಕ್ಕೊಂದು 6 ಆಂಪಿಯರಿನ ಎಂಸಿಬಿ (ಅತಿಯಾದ ವಿದ್ಯುತ್ ಹರಿದರೆ ಲೈನನ್ನು ಕಡಿಯುವ ಸ್ವಿಚ್ಚು), ಮತ್ತು ಐಎಸ್ 12640 ಗುರುತಿರುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಎಂಸಿಬಿ ಇದೆಯಲ್ಲ ಎಂದು ಸುಮ್ಮನಾಗುವಂತಿಲ್ಲ, ಏಕೆಂದರೆ ಮನುಷ್ಯನ ಜೀವ ತೆಗೆಯಲು ಸಾಕಾಗುವ ಸೋರಿಕೆ ಎಂಸಿಬಿಯ ಲೆಕ್ಕಕ್ಕೇ ಬರುವುದಿಲ್ಲ. ಹಳೆಯ ಮನೆಗಳಲ್ಲಿ ಅರ್ಥ್ ಗುಂಡಿ ಇರುತ್ತದೆ, ಆದರೆ ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಅದರ ಮಣ್ಣು ಒಣಗಿ ಕಲ್ಲಾಗಿರುತ್ತದೆ. ಅದನ್ನು ಸರಿಪಡಿಸಿ, ರೋಧ ಅಳೆಯಿಸಿದ ನಂತರವೇ ಜಾಲ ಕೊಳ್ಳಲು ಹೋಗಿ. ನೆಲದ ಬಿಸಿಯನ್ನು ಅಂಕೆಯಲ್ಲಿಡುವ ಥರ್ಮೋಸ್ಟಾಟ್ ಸ್ನಾನದ ಮನೆಯ ಹೊರಗೆ, ಬಾಗಿಲ ಪಕ್ಕದ ಗೋಡೆಯಲ್ಲಿರಲಿ. ಅದರ ನೆಲದ ಸೆನ್ಸರನ್ನು ತುದಿ ಮುಚ್ಚಿದ ಕೊಳವೆಯೊಳಗೆ, ಕೇಬಲ್ಲಿನ ಎರಡು ಸಾಲುಗಳ ಸರಿಯಾಗಿ ನಡುವೆ ಇಡಿಸಿದರೆ, ಮುಂದೆ ಅದು ಕೆಟ್ಟಾಗ ಟೈಲ್ಸ್ ಒಡೆಯದೆ ಎಳೆದು ಬದಲಿಸಬಹುದು.

ನಿಮ್ಮ ಅತ್ತೆಯವರ ಸಕ್ಕರೆ ಕಾಯಿಲೆಯ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು. ಹಲವು ವರ್ಷಗಳಿಂದ ಈ ಕಾಯಿಲೆ ಇರುವವರ ಅಂಗಾಲಿನ ಸ್ಪರ್ಶಜ್ಞಾನ ಕುಂದಿರಬಹುದು. ನೆಲ ಅತಿಯಾಗಿ ಬಿಸಿಯಾದರೂ ಅವರಿಗೆ ತಿಳಿಯದೆ ಹೋಗಬಹುದು. ಸ್ನಾನದ ಮನೆಯ ನೆಲಕ್ಕೆ ಯುರೋಪಿನ ಮಾನಕ ಒಪ್ಪುವ ಗರಿಷ್ಠ ಮಿತಿ 33 ಡಿಗ್ರಿ, ಆದರೆ ನಿಮ್ಮ ಮನೆಯ ಥರ್ಮೋಸ್ಟಾಟಿನಲ್ಲಿ 28 ಡಿಗ್ರಿಯನ್ನೇ ಮೇಲ್ಮಿತಿಯಾಗಿ ಬೀಗ ಹಾಕಿಸಿ. ಬಿಸಿ ಇರುವ ಭಾಗದ ಮೇಲೆ ದಪ್ಪನೆಯ ಮ್ಯಾಟ್ ಹಾಸಬೇಡಿ, ಅದರಡಿ ಶಾಖ ಕೂಡಿಕೊಳ್ಳುತ್ತದೆ. ಟೈಲ್ಸ್ ಜಾರದ, ಒರಟು ಮೈಯದಾಗಿರಲಿ. ಕಮೋಡಿನ ಪಕ್ಕ ಮತ್ತು ಸ್ನಾನದ ಜಾಗದಲ್ಲಿ ಹಿಡಿದುಕೊಳ್ಳಲು ಗೋಡೆಗೆ ಕಂಬಿಗಳನ್ನು ಕೂರಿಸಿ. ಹಣ ಎರಡಕ್ಕೂ ಸಾಲದು ಎಂದಾದರೆ ನೆಲದ ಬಿಸಿಯನ್ನು ಬಿಟ್ಟು ಕಂಬಿಗಳನ್ನೇ ಹಾಕಿಸಿ ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ.

ಖರ್ಚಿನ ಲೆಕ್ಕ ಸರಳ. 150 ವ್ಯಾಟಿನ ಜಾಲ ದಿನಕ್ಕೆ ನಾಲ್ಕು ಗಂಟೆ ಉರಿದರೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೂ ನೂರು ರೂಪಾಯಿಯ ಆಸುಪಾಸು. ಗೃಹಜ್ಯೋತಿಯ ಫಲಾನುಭವಿಗಳು ಮಾತ್ರ ತಮ್ಮ ಅರ್ಹತೆಯ ಯೂನಿಟ್ ಎಷ್ಟೆಂದು ಬೆಸ್ಕಾಂ ಬಿಲ್ಲಿನಲ್ಲಿ ನೋಡಿಕೊಳ್ಳಲಿ: ಅದನ್ನು ಮೀರಿದ ಯೂನಿಟ್ಟಿಗೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಟೈಲ್ಸ್ ಹಾಕಿಸಿದ ಕೂಡಲೇ ಸ್ವಿಚ್ ಒತ್ತಿ ನೋಡುವ ಆತುರ ಬೇಡ. ಅಂಟು ತಯಾರಿಸಿದವರು ಹೇಳಿದಷ್ಟು ದಿನ, ಕನಿಷ್ಠ ಒಂದು ವಾರ ಕಾಯಿರಿ. ಎಲ್ಲಾದರೂ ಸಿಮೆಂಟ್ ಗಾರೆ ಬಳಸಿದ್ದರೆ 28 ದಿನ ಕಾಯಬೇಕು.

ಪ್ರಶ್ನೆ: ನಮ್ಮ ತೋಟದ ಮನೆಯಲ್ಲಿ ತೆಂಗಿನ ಮಟ್ಟೆ, ಚಿಪ್ಪು ಉರಿಸುವ ಹಂಡೆ ಒಲೆ ಇದೆ, ತಾರಸಿಯ ಮೇಲೆ ಸೋಲಾರ್ ಕೂಡ ಇದೆ. ಆ ಬಿಸಿನೀರನ್ನೇ ಪೈಪಿನಲ್ಲಿ ನೆಲದಡಿ ಹಾಯಿಸಬಾರದೇ? ನೆಲಕ್ಕೆ ಗ್ರಾನೈಟ್ ಹಾಕಿಸಬೇಕೆಂದಿದ್ದೇವೆ. ಹಳ್ಳಿಯ ಕಡೆ ವೋಲ್ಟೇಜ್ ಕಡಿಮೆಯಿರುವುದರಿಂದ ವಿದ್ಯುತ್ತನ್ನು ನಂಬಲು ಮನಸ್ಸಿಲ್ಲ.
– ಓದುಗರು, ತಿಪಟೂರು

ಉತ್ತರ: ನೀರಿನ ಪೈಪಿನಿಂದ ನೆಲ ಬಿಸಿ ಮಾಡುವ ವಿಧಾನ ಇದೆ, ಇಡೀ ಮನೆಯನ್ನು ಕಾಯಿಸಬೇಕಾದ ಚಳಿದೇಶಗಳಿಗೆ ಅದು ಹೇಳಿ ಮಾಡಿಸಿದ್ದು. ಒಂದು ಬಚ್ಚಲಿಗಾಗಿ ಅದು ಬೇಡ. ನೀರನ್ನು 35ರಿಂದ 40 ಡಿಗ್ರಿಗೆ ಇಳಿಸಿ ಕಳುಹಿಸಲು ಒಂದು ಮಿಶ್ರಣದ ವಾಲ್ವ್, ಸದಾ ತಿರುಗಿಸಲು ಒಂದು ಪಂಪು ಬೇಕಾಗುತ್ತದೆ, ಅಂದರೆ ವಿದ್ಯುತ್ತಿನ ಹಂಗು ತಪ್ಪುವುದಿಲ್ಲ. ಮೇಲಾಗಿ ನಮ್ಮ ಕೊಳವೆಬಾವಿಯ ಗಡಸು ನೀರು ಬಿಸಿಯಾದ ಕಡೆಯೆಲ್ಲ ಸುಣ್ಣದ ಪಟ್ಟೆ ಕಟ್ಟುತ್ತದೆ; ನೆಲದಡಿ ಹೂತ ಸಣ್ಣ ಪೈಪಿನಲ್ಲಿ ಅದು ಕಟ್ಟಿಕೊಂಡರೆ ತೆಗೆಯುವ ದಾರಿಯಿಲ್ಲ. ವೋಲ್ಟೇಜ್ ಇಳಿದರೆ ಕೇಬಲ್ಲಿಗೆ ಹಾನಿಯೇನೂ ಇಲ್ಲ, ಬಿಸಿ ಮಾತ್ರ ಕಡಿಮೆಯಾಗುತ್ತದೆ: 230 ಇರಬೇಕಾದಲ್ಲಿ 180 ವೋಲ್ಟ್ ಬಂದರೆ 150 ವ್ಯಾಟಿನ ಜಾಲ ಸುಮಾರು 92 ವ್ಯಾಟ್ ಕೊಡುತ್ತದೆ, ನೆಲ ಕಾಯಲು ಹೆಚ್ಚು ಹೊತ್ತು ಬೇಕಾಗುತ್ತದೆ. ಅದಕ್ಕೆ ತಕ್ಕಂತೆ ಟೈಮರನ್ನು ಮುಂಚಿತವಾಗಿ ಇಟ್ಟುಕೊಳ್ಳಬಹುದು, ಆದರೆ ಥರ್ಮೋಸ್ಟಾಟ್ ಎಷ್ಟು ಕಡಿಮೆ ವೋಲ್ಟೇಜಿನವರೆಗೆ ಕೆಲಸ ಮಾಡುತ್ತದೆಂದು ಕೊಳ್ಳುವಾಗಲೇ ಕೇಳಿ. ಗ್ರಾನೈಟ್ ಶಾಖವನ್ನು ಟೈಲ್ಸಿಗಿಂತ ಚೆನ್ನಾಗಿ ದಾಟಿಸುತ್ತದೆ, ದಪ್ಪವಿರುವುದರಿಂದ ಕಾಯುವುದು ತುಸು ನಿಧಾನ, ಆರುವುದೂ ನಿಧಾನ. ಪಾಲಿಷ್ ಮಾಡಿದ್ದನ್ನು ಮಾತ್ರ ಬಚ್ಚಲಿಗೆ ಹಾಕಿಸಬೇಡಿ, ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಹೊಗೆ ಹೊರಹೋಗಲು ಸರಿಯಾದ ಚಿಮಣಿ ಇರುವುದಾದರೆ ಹಂಡೆ ಒಲೆಯನ್ನು ಕೆಡವಬೇಡಿ. ಬೆಳಗಿನ ಒಲೆಯಿಂದ ಅದರ ಸುತ್ತಲ ಕಲ್ಲು ತಾನಾಗಿಯೇ ಬೆಚ್ಚಗಾಗುವಾಗ ಅಲ್ಲಿ ಕೇಬಲ್ಲಿನ ಅಗತ್ಯವೇ ಕಾಣುವುದಿಲ್ಲ.

ಪ್ರಶ್ನೆ: ಈಗಿರುವ ಟೈಲ್ಸ್ ಒಡೆಯದೆ ಅದರ ಮೇಲೆಯೇ ಜಾಲ ಹಾಸಿ ಹೊಸ ಟೈಲ್ಸ್ ಹಾಕಿಸಬಹುದೇ? ಯುಪಿಎಸ್‌ನಲ್ಲಿ ನಡೆಯುತ್ತದೆಯೇ?
– ಓದುಗರು, ಕುಣಿಗಲ್

ಉತ್ತರ: ಜಾಲ, ಅಂಟು, ಟೈಲ್ಸ್ ಸೇರಿ ನೆಲ ಮುಕ್ಕಾಲು ಅಂಗುಲದಷ್ಟು ಏರುತ್ತದೆ. ಸ್ನಾನದ ಮನೆ ಪಕ್ಕದ ಕೋಣೆಗಿಂತ ಅದಕ್ಕೂ ಹೆಚ್ಚು ತಗ್ಗಿದ್ದು, ಹಳೆಯ ಟೈಲ್ಸ್ ತಟ್ಟಿ ನೋಡಿದಾಗ ಎಲ್ಲೂ ಟೊಳ್ಳು ಸದ್ದು ಬಾರದಿದ್ದರೆ ಮಾತ್ರ ಹಾಕಿಸಬಹುದು. ಇಲ್ಲವಾದರೆ ನೀರು ಕೋಣೆಗೆ ನುಗ್ಗುತ್ತದೆ, ಬಾಗಿಲನ್ನೂ ಕೆಳಗೆ ಕತ್ತರಿಸಬೇಕಾಗುತ್ತದೆ. ಯುಪಿಎಸ್ಸಿಗೆ ಕೊಡಬೇಡಿ, ದೀಪ, ಫ್ಯಾನಿಗೆಂದು ಇಟ್ಟ ಬ್ಯಾಟರಿ ನೆಲ ಕಾಯಿಸುವುದರಲ್ಲಿ ಬರಿದಾಗುತ್ತದೆ.

ಪ್ರಶ್ನೆ: ಕಳೆದ ವರ್ಷ ನೆಲದಡಿ ಕೇಬಲ್ ಹಾಕಿಸಿದೆವು. ಈಚೆಗೆ ಸ್ವಿಚ್ ಹಾಕಿದಾಗಲೆಲ್ಲ ಆರ್‌ಸಿಸಿಬಿ ಬೀಳುತ್ತದೆ. ಅದನ್ನು ತೆಗೆದು ಎಂಸಿಬಿ ಮಾತ್ರ ಇಟ್ಟರೆ ತೊಂದರೆಯಿರುವುದಿಲ್ಲ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಹಾಗೆ ಮಾಡಬಹುದೇ?
– ಓದುಗರು, ಮಧುಗಿರಿ

ಉತ್ತರ: ಖಂಡಿತ ಮಾಡಬೇಡಿ. ಈ ಪತ್ರ ಓದಿದ ಕೂಡಲೇ ಆ ಲೈನಿನ ಎಂಸಿಬಿಯನ್ನು ಇಳಿಸಿಬಿಡಿ, ಕಾರಣ ಗೊತ್ತಾಗುವವರೆಗೂ ಏರಿಸಬೇಡಿ. ಆರ್‌ಸಿಸಿಬಿ ಬೀಳುತ್ತಿದೆಯೆಂದರೆ ವಿದ್ಯುತ್ತು ಹೋಗಬಾರದ ದಾರಿಯಲ್ಲಿ ಹೋಗುತ್ತಿದೆ ಎಂದರ್ಥ, ಅದನ್ನು ತೆಗೆದರೆ ಸೋರಿಕೆ ನಿಲ್ಲುವುದಿಲ್ಲ, ತಿಳಿಸುವವರು ಇಲ್ಲದಂತಾಗುತ್ತದೆ, ಅಷ್ಟೆ. ಬೇರೊಬ್ಬ ಅನುಭವಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಥರ್ಮೋಸ್ಟಾಟಿನಿಂದ ಕೇಬಲ್ಲಿನ ತಂತಿಗಳನ್ನು ಬಿಡಿಸಿ ಮೆಗ್ಗರಿನಿಂದ ನೋಡಿಸಿ. ಕೇಬಲ್ ಸರಿಯಿದ್ದರೆ ದೋಷ ಥರ್ಮೋಸ್ಟಾಟಿನ ಪೆಟ್ಟಿಗೆಯಲ್ಲೋ, ಅಲ್ಲಿಗೆ ಇಳಿದ ತೇವದಲ್ಲೋ, ಅಥವಾ ಬೋರ್ಡಿನಿಂದ ಬಂದ ವೈರಿನಲ್ಲೋ ಇರುತ್ತದೆ, ಅದು ಸುಲಭದ ರಿಪೇರಿ. ಕೇಬಲ್ಲಿನದೇ ನಿರೋಧನ ಬಿದ್ದುಹೋಗಿದ್ದರೆ, ಈಚೆಗೆ ಬಾಗಿಲಿನ ಮ್ಯಾಗ್ನೆಟ್ಟಿಗೋ ಕಮೋಡಿನ ಬೋಲ್ಟಿಗೋ ನೆಲ ಕೊರೆಸಿದ್ದೀರಾ ಎಂದು ನೆನಪಿಸಿಕೊಳ್ಳಿ, ಮೊದಲು ಹುಡುಕಬೇಕಾದ ಜಾಗ ಅದೇ. ದೋಷದ ಜಾಗವನ್ನು ಉಪಕರಣಗಳಿಂದ ಗುರುತಿಸಿ, ಅಲ್ಲಿನ ಒಂದೆರಡು ಟೈಲ್ಸ್ ಮಾತ್ರ ಎಬ್ಬಿಸಿ, ಜಾಲ ತಯಾರಿಸಿದವರೇ ಕೊಡುವ ಜೋಡಣೆಯ ಕಿಟ್ಟಿನಿಂದ ಕೇಬಲ್ ಸರಿಪಡಿಸಬಹುದು. ಮಾಮೂಲಿ ಇನ್ಸುಲೇಷನ್ ಟೇಪ್ ಸುತ್ತಿ ಮುಚ್ಚಲು ಮಾತ್ರ ಒಪ್ಪಬೇಡಿ.